ಮೂರನೇ ಕತೆಯ ಮೌನ

ಬಾವಿ ದಾಟೋವಾಗ ರಾಟೆ ಕಿರುಗುಟ್ಟಿತು.

ಅಷ್ಟೇ. ಕಿರ್... ಸ್ವಲ್ಪ ಬಿಟ್ಟು ಮತ್ತೆ, ಕಿರ್... ಗಾಳಿ ಇರಲಿಲ್ಲ. ರಾಟೆಗೆ ಹಗ್ಗಾನೂ ಇರಲಿಲ್ಲ, ಅದನ್ನ ಯಾರೋ ಯಾವ ಕಾಲದಲ್ಲೋ ಬಿಚ್ಕೊಂಡು ಹೋಗಿದ್ರು. ನಮ್ಮ ದೊಡ್ಡಮ್ಮನ ಮಗ, ಅಣ್ಣ, ಹೆಗಲಿಗೆ ಬ್ಯಾಗ್ ಹಾಕ್ಕೊಂಡು ರಾತ್ರಿ ಒಬ್ಬನೇ ಮನೆಗೆ ನಡ್ಕೊಂಡು ಬರ್ತಿದ್ದ. ದಾರಿಯ ಎಡಗಡೆ ಬಾವಿ. ಹಳೇ ರಾಟೆ ಕಿರುಗುಟ್ಟದೆ ಇನ್ನೇನು ಕೊಳಲು ಊದುತ್ತಾ ಅಂತ ನೀವು ಕೇಳ್ತೀರಿ, ಗೊತ್ತು ನನಗೆ. ಅಣ್ಣ ಬೆಚ್ಚಿದ್ದು ರಾಟೆಗಲ್ಲ. ಆ ಸದ್ದು ಅವನಿಗೆ ಎಡಗಿವೀಲಿ ಕೇಳಿಸ್ತು.

ಅಣ್ಣನಿಗೆ ಎಡಗಿವಿ ಕೇಳಲ್ಲ.

ಶ್... ಮೆಲ್ಲಗೆ. ನಗಬೇಕು ಅನ್ಸಿದ್ರೆ ಬಾಯಿಗೆ ದಿಂಬು ಒತ್ಕೊಳ್ಳಿ. ಒಳಗಿನ ರೂಮಲ್ಲೇ ಮಲಗಿದ್ದಾನೆ. ಒಂದು ಕಿವಿ ಹೋಗಿದ್ರೂ ಇನ್ನೊಂದು ಹತ್ತು ಜನರ ಕಿವಿಯಷ್ಟು ಚುರುಕು. ನಾನು ಇದನ್ನ ನಿಮ್ಮ ಮುಂದೆ ಬಿಚ್ಚಿದೆ ಅಂತ ಗೊತ್ತಾದ್ರೆ ನಾಳೆಯಿಂದ ನನ್ನ ಜೊತೆ ಮಾತು ಬಿಡ್ತಾನೆ.

ಹೇಳೋ ಮನಸ್ಸೂ ಇರಲಿಲ್ಲ ನನಗೆ. ಆದ್ರೆ ಈಗ ಟೀವೀಲಿ ಆ ನಾಲ್ಕು ಕತೆ ಸಿನಿಮಾ ನೋಡ್ತಾ ಬಿದ್ದು ಬಿದ್ದು ನಕ್ರಲ್ಲ ನೀವೆಲ್ಲ, ಅದಕ್ಕೆ ನನಗೆ ಹೊಟ್ಟೆ ಉರೀತು. ನಗಿ, ಬೇಡ ಅನ್ನಲ್ಲ. ನಾಲ್ಕು ದೆವ್ವದ ಕತೆ ಸೇರಿಸಿ ಒಂದು ಸಿನಿಮಾ ಅಂತ ಮಾಡ್ತಾರಲ್ಲ, ಕಡಿಮೆ ದುಡ್ಡಲ್ಲಿ, ನಾನು ಅಂಥವನ್ನ ಒಂದೂ ಬಿಡದೆ ನೋಡಿದೀನಿ. ಮೊದಲನೇ ಕತೆ ಬರೀ ಆಕಳಿಕೆ. ಎರಡನೇದರಲ್ಲಿ ದೆವ್ವದ ವಿಗ್ ಜಾರುತ್ತೆ. ಕೊನೇದರ ಹೊತ್ತಿಗೆ ಏನೂ ತೋಚದೆ, ಎಲ್ಲಾ ಕನಸು ಅಂತ ಹೇಳಿ ಕೈ ತೊಳ್ಕೋತಾರೆ. ಆದ್ರೆ ನಡುವೆ ಎಲ್ಲೋ ಒಂದು ಕತೆ ಇರುತ್ತೆ. ದೆವ್ವ ತೋರಿಸೋಕೆ ಗತಿ ಇಲ್ಲ ಅಂತ ಬರೀ ಬಾಗಿಲು ತೋರಿಸಿರ್ತಾರೆ. ಮುಚ್ಚಿದ ಬಾಗಿಲು... ಅದನ್ನ ನೋಡಿದ ರಾತ್ರಿ ಬಚ್ಚಲಿಗೆ ಹೋಗೋಕೆ ಪಕ್ಕದಲ್ಲಿ ಮಲಗಿದೋರನ್ನ ಎಬ್ಬಿಸಬೇಕಾಗುತ್ತೆ. ಕೋಟಿಗಟ್ಟಲೆ ಸುರಿದು ಮಾಡಿದ ಸಿನಿಮಾ ನೋಡಿ ನಾನು ಯಾವತ್ತೂ ಯಾರನ್ನೂ ಎಬ್ಬಿಸಿಲ್ಲ.

ಅಣ್ಣ ಕೆಲಸ ಮಾಡಿದ್ದು ಅಂಥದ್ದೇ ಒಂದು ಸಿನಿಮಾಕ್ಕೆ.

ಅವನದ್ದು ಸದ್ದಿನ ಕೆಲಸ ಅಂತ ನಿಮಗೆ ಗೊತ್ತು. ಶೂಟಿಂಗ್ ಜಾಗದಲ್ಲಿ ಮೈಕ್ ಇಟ್ಟು ಮಾತು ಹಿಡಿಯೋದು, ಆಮೇಲೆ ಸ್ಟುಡಿಯೋದಲ್ಲಿ ಕೂತು ಎಲ್ಲಾ ಜೋಡಿಸೋದು. ಮೊದಲು ದೊಡ್ಡ ಸ್ಟುಡಿಯೋ ಒಂದರಲ್ಲಿದ್ದ. ಒಂದು ಸಲ ಕೆಟ್ಟ ಜ್ವರ ಬಂತು, ಬಿಡ್ತು, ಬಿಡೋವಾಗ ಎಡಗಿವಿ ತಗೊಂಡು ಹೋಯ್ತು. ನರ ಸತ್ತಿದೆ, ಇನ್ನು ಆಸೆ ಬಿಡಿ ಅಂದ್ರು ಡಾಕ್ಟರು. ಸದ್ದಿನ ಕೆಲಸದವನಿಗೆ ಕಿವಿ ಇಲ್ಲ ಅಂತ ಗೊತ್ತಾದ್ರೆ ಯಾರು ಕರೀತಾರೆ? ಅಣ್ಣ ಯಾರಿಗೂ ಬಾಯಿ ಬಿಡಲಿಲ್ಲ. ಗೊತ್ತಿದ್ದದ್ದು ಅತ್ತಿಗೆಗೆ ಮಾತ್ರ. ಅವತ್ತಿಂದ ಅತ್ತಿಗೆ ಬಸ್ಸಲ್ಲಿ, ಊಟಕ್ಕೆ ಕೂತಾಗ, ಎಲ್ಲಿ ಹೋದ್ರೂ ಅವನ ಬಲಗಡೆಗೇ ಇರ್ತಿದ್ರು. ನೋಡಿದೋರು ಏನು ಪ್ರೀತಿ ಅಂದ್ಕೊಳ್ತಿದ್ರು. ಪ್ರೀತೀನೇ, ಇಲ್ಲ ಅನ್ನಲ್ಲ.

ಅವನು ಒಂದು ಉಪಾಯ ಕಂಡ್ಕೊಂಡಿದ್ದ. ಹೆಡ್‌ಫೋನ್ ಇರುತ್ತಲ್ಲ, ಎಡಗಡೆ ಮೈಕಿನ ಸದ್ದು ಎಡಗಿವಿಗೆ, ಬಲಗಡೆಯದ್ದು ಬಲಗಿವಿಗೆ. ಅಣ್ಣ ಮೊದಲು ಸರಿಯಾಗಿ ಹಾಕ್ಕೊಂಡು ಬಲಗಡೆಯದ್ದು ಕೇಳೋದು, ಆಮೇಲೆ ತಿರುಗಿಸಿ ಹಾಕ್ಕೊಂಡು ಎಡಗಡೆಯದ್ದನ್ನೂ ಬಲಗಿವೀಲೇ ಕೇಳೋದು. ಕೆಲಸ ಎರಡರಷ್ಟಾಗ್ತಿತ್ತು, ಆದ್ರೂ ಹಲ್ಲು ಕಚ್ಕೊಂಡು ಮಾಡ್ತಿದ್ದ. ಒಂದೇ ಒಂದು ಸಲ ತಿರುಗಿಸೋದು ಮರೆತ. ಅವತ್ತು ಸ್ಟುಡಿಯೋದಲ್ಲಿ ಮಾಡ್ತಿದ್ದ ಸಿನಿಮಾದ ಎಡಗಡೆಯಲ್ಲಿ ಪೂರ್ತಿ ಜೇನ್ನೊಣ ಗುಂಯ್‌ಗುಡೋ ಥರ ಒಂದು ಸದ್ದು ಉಳ್ಕೊಂಡ್ಬಿಡ್ತು. ಸ್ಟುಡಿಯೋದವರು ಹೋಗು ಅನ್ನಲಿಲ್ಲ. ಕರೆಯೋದು ನಿಲ್ಲಿಸಿದ್ರು, ಅಷ್ಟೇ.

ಮನೇಲಿ ಕೂತು ಗೋಡೆ ನೋಡ್ತಿದ್ದಾಗ ಕರೆದವರು ಈ ನಾಲ್ಕು ಕತೆ ಸಿನಿಮಾದ ಡೈರೆಕ್ಟರು. ಅವರನ್ನ ಎಲ್ಲರೂ ‘ಸಾಕು ಸಾರ್’ ಅಂತಿದ್ರು. ಏನೇ ಶೂಟ್ ಮಾಡಲಿ, ಒಂದು ಸಲ ಆಗ್ತಿದ್ದಂಗೆ, ಸಾಕು ಸಾಕು, ಮುಂದಿನದಕ್ಕೆ ಹೋಗಿ ಅನ್ನೋರು. ನಟ ಮಾತು ತಪ್ಪಿದ್ರೂ ಸಾಕು. ದೀಪ ಆರಿ ಹೋದ್ರೂ ಸಾಕು, ದೆವ್ವದ ಸಿನಿಮಾ ತಾನೇ ಅನ್ನೋರು. ಇದೂ ಕೆಟ್ಟರೆ ತನ್ನ ಹೊಟ್ಟೆಪಾಡು ಮುಗೀತು ಅಂತ ಅಣ್ಣನಿಗೆ ಗೊತ್ತಿತ್ತು. ಬೇರೆ ಕೆಲಸ ಅವನಿಗೆ ಬರಲ್ಲ. ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರಲ್ಲ.

ನಾಲ್ಕು ಕತೆಗೂ ಸೇರಿ ಒಂದೇ ಮನೆ. ಯಾರೂ ಇರದ ಹಳೇ ಮನೆ, ಊರಾಚೆ, ಆ ಬಾವಿ ದಾಟಿದ್ರೆ ಸಿಗೋದು. ಪರದೆ ಬದಲಾಯಿಸಿದ್ರೆ ಬೇರೆ ಕತೆ ಶುರು. ಮೊದಲನೇ ಕತೆಯ ದೆವ್ವ ಮೇಕಪ್ಪಿನವನೇ. ಎರಡನೇದಕ್ಕೆ ತಂದ ಬೆಕ್ಕು ದೀಪದ ಶಾಖಕ್ಕೆ ಹಾಯಾಗಿ ನಿದ್ದೆ ಹೋಯ್ತು, ಅದು ಹೆದರಿಸಬೇಕಿದ್ದ ಹುಡುಗೀನೇ ಅದಕ್ಕೆ ಹೊದಿಸಿದ್ಲು. ಮೂರನೇದಕ್ಕೆ ದೆವ್ವದ ಬಟ್ಟೆ ಇಸ್ತ್ರಿ ಮಾಡೋವಾಗ ಸುಟ್ಟು ಹೋಯ್ತು. ಇದ್ದದ್ದೇ ಒಂದು ಜೊತೆ. ಹೀಗಾಗಿ ಮೂರನೇ ಕತೇಲಿ ದೆವ್ವಾನೇ ಇಲ್ಲ. ಒಂದು ರೂಮು, ಒಂದು ಕುರ್ಚಿ, ಕುರ್ಚೀಲಿ ಒಬ್ಬಳು ಹೆಂಗಸು. ಯಾರೋ ಬರೋದಿದೆ ಅಂತ ಬಾಗಿಲು ನೋಡ್ತಾ ಕೂತಿರ್ತಾಳೆ... ಮುಗೀತು.

ಸಾಕು ಸಾರ್ ತಲೆ ಮೇಲೆ ಕೈ ಹೊತ್ಕೊಂಡ್ರು. ಅಣ್ಣ ಮಾತ್ರ ಅದನ್ನ ನೋಡಿ, ಸಾರ್, ನಿಮ್ಮ ಸಿನಿಮಾದಲ್ಲಿ ನಿಜವಾಗಿ ಭಯ ಆಗೋದು ಇದೊಂದೇ ಅಂದ. ಇದಕ್ಕೆ ಮ್ಯೂಸಿಕ್ ಬೇಡ, ಆ ರೂಮಿನ ಮೌನ ಒಂದೇ ಇರಲಿ, ನಾನು ಮಾಡಿ ಕೊಡ್ತೀನಿ ಅಂದ. ಮ್ಯೂಸಿಕ್ಕಿನ ಖರ್ಚು ಉಳೀತು ಅಂತ ಸಾಕು ಸಾರ್ ತಕ್ಷಣ ಒಪ್ಪಿದ್ರು.

ಈ ಮೌನದ ವಿಷಯ ಸ್ವಲ್ಪ ಹೇಳಬೇಕು. ಪ್ರತಿ ರೂಮಿಗೂ ಅದರದ್ದೇ ಒಂದು ಮೌನ ಇರುತ್ತಂತೆ. ಗೋಡೆ, ಚಾವಣಿ, ಕಿಟಕಿ ಸಂದು, ಎಲ್ಲಾ ಸೇರಿ ಆಗೋದು. ಇಲ್ಲಿಯ ಮೌನ ಅಲ್ಲಿಗೆ ಹಾಕಿದ್ರೆ ಕೇಳೋರಿಗೆ ಏನೋ ಸುಳ್ಳು ಅನ್ಸುತ್ತಂತೆ. ಅದಕ್ಕೇ ಶೂಟಿಂಗ್ ಮುಗಿದ ಮೇಲೆ ಸದ್ದಿನವನು, ಎಲ್ಲರೂ ಸುಮ್ನಿರಿ ಅಂತ ಕೂಗಿ ಹೇಳ್ತಾನೆ. ಇದ್ದವರೆಲ್ಲ ನಿಂತಲ್ಲೇ ನಿಲ್ಲಬೇಕು, ಕೆಮ್ಮಬಾರದು, ಮೈ ಕೆರ್ಕೊಳ್ಳಬಾರದು. ಅವನು ಆ ಮೌನವನ್ನ ರೆಕಾರ್ಡ್ ಮಾಡ್ಕೋತಾನೆ. ಆಮೇಲೆ ಅದನ್ನ ಹಾಸಿಗೆ ಥರ ಹಾಸಿ, ಅದರ ಮೇಲೆ ಉಳಿದ ಸದ್ದು ಕೂರಿಸ್ತಾನೆ.

ಸಾಕು ಸಾರ್ ಅದಕ್ಕೆಲ್ಲಿ ಬಿಡ್ತಾರೆ? ಕೊನೇ ಶಾಟ್ ಆಗ್ತಿದ್ದಂಗೆ ಸಾಕು ಅಂದ್ರು, ಎಲ್ಲರೂ ವ್ಯಾನ್ ಹತ್ತಿದ್ರು. ಅಣ್ಣ, ನೀವು ಹೊರಡಿ, ನಾನು ನಡ್ಕೊಂಡು ಬರ್ತೀನಿ ಅಂತ ಒಬ್ಬನೇ ಉಳ್ಕೊಂಡ. ವ್ಯಾನಿನ ಸದ್ದು ದೂರ ಆಯ್ತು... ಇನ್ನೂ ದೂರ... ಹೋಯ್ತು.

ಟ್ಯೂಬ್‌ಲೈಟು ಗುಂಯ್ ಅನ್ನುತ್ತೆ ಅಂತ ಆರಿಸಿದ. ಚಪ್ಪಲಿ ಬಿಟ್ಟ. ಕೈಗಡಿಯಾರ ಬಿಚ್ಚಿ ಬಟ್ಟೇಲಿ ಸುತ್ತಿ ಪಕ್ಕದ ರೂಮಲ್ಲಿಟ್ಟ. ಕುರ್ಚಿ ಮುಂದೆ ಮೈಕ್ ನಿಲ್ಲಿಸಿ, ಹೆಡ್‌ಫೋನ್ ಹಾಕ್ಕೊಂಡು, ನೆಲದ ಮೇಲೆ ಕೂತ. ಬಟನ್ ಒತ್ತಿದ. ಬಾಯಿ ಅಭ್ಯಾಸ ನೋಡಿ... ಆ ಖಾಲಿ ರೂಮಿಗೆ ಹೇಳಿದ.

“ಎಲ್ಲರೂ ಸುಮ್ನಿರಿ.”

ಬಲಗಿವೀಲಿ ತೊಲೆ ಒಂದು ಸಲ ಟಿಕ್ ಅಂತು. ಎಲ್ಲೋ ಬಹಳ ದೂರದಲ್ಲಿ ಒಂದು ನಾಯಿ. ಆಮೇಲೆ ಅದೂ ಇಲ್ಲ. ಒಳ್ಳೇ ಮೌನ, ದಪ್ಪ ಮೌನ. ಅಣ್ಣನಿಗೆ ಖುಷಿಯಾಯ್ತು.

ಆಗ ಎಡಗಡೆ... ಸರ್... ಸರ್... ಬಟ್ಟೆ ನೆಲಕ್ಕೆ ತಾಗಿ ಎಳೆಯೋ ಸದ್ದು. ಅದು ನಿಂತಿತು. ಯಾರೋ ಉಸಿರು ಎಳ್ಕೊಂಡ್ರು. ರೂಮಿನ ಆ ತುದಿಯಿಂದ, ಕತ್ತಲಲ್ಲಿ ಯಾರಿದ್ದಾರೋ ಅಂತ ವಿಚಾರಿಸೋ ಥರ, ಹೆಂಗಸಿನ ಪಿಸುಮಾತು.

“ಎಲ್ಲರೂ ಹೋದ್ರಾ?”

ಅಣ್ಣ ಅಲ್ಲಾಡಲಿಲ್ಲ. ಧೈರ್ಯಕ್ಕಲ್ಲ, ಆ ಕೆಲಸದ ನಿಯಮ ಮೂಳೆಗೆ ಇಳಿದಿತ್ತು, ರೆಕಾರ್ಡ್ ಆಗ್ತಿರೋವಾಗ ಅಲ್ಲಾಡಬಾರದು ಅಂತ. ಬೇಕಾದಷ್ಟು ರೆಕಾರ್ಡ್ ಆಗೋವರೆಗೂ ಕೂತ. ಬಟನ್ ಒತ್ತಿ ನಿಲ್ಲಿಸಿದ. ವೈರು ಸುತ್ತಿ, ಗಡಿಯಾರ ಕಟ್ಕೊಂಡು, ಬೀಗ ಹಾಕಿ ಹೊರಗೆ ಬಂದ. ಬಾವಿ ದಾಟೋವಾಗ ರಾಟೆ ಕಿರುಗುಟ್ಟಿತು. ಅದನ್ನ ಆಗಲೇ ಹೇಳಿದೆ.

ಈಗ ಇಲ್ಲಿ ಕೇಳಿ. ನಾನೋ ನೀವೋ ಆಗಿದ್ರೆ ಜ್ವರ ಬಂದು ಮಲಗ್ತಿದ್ವಿ. ಅಣ್ಣ ಮನೆಗೆ ಓಡೋಡಿ ಬಂದು ಅತ್ತಿಗೆಯ ಕೈ ಹಿಡ್ಕೊಂಡು ಅತ್ತ. ಭಯಕ್ಕಲ್ಲ. ಎಡಗಿವಿ ಕೇಳಿಸ್ತು ಕಣೇ, ಅಂತ. ಅವನ ತಲೇಲಿ ಅದೊಂದೇ. ಯಾರ ಮಾತು, ಎಲ್ಲಿಂದ ಬಂತು, ಅದೆಲ್ಲ ಅವನಿಗೆ ಬೇಕಿರಲಿಲ್ಲ. ಸತ್ತ ನರ ಮತ್ತೆ ಮಿಸುಕಾಡ್ತಿದೆ ಅಂತ ನಂಬ್ಕೊಂಡ್ಬಿಟ್ಟ. ಅತ್ತಿಗೆ ಅವನ ಬಲಗಿವಿ ಮುಚ್ಚಿಸಿ, ಎಡಗಡೆ ನಿಂತು ಚಪ್ಪಾಳೆ ತಟ್ಟಿ ನೋಡಿದ್ರು, ಚಮಚದಿಂದ ತಟ್ಟೆ ಬಡಿದು ನೋಡಿದ್ರು. ಏನೂ ಇಲ್ಲ. ಮಾರನೇ ದಿನ ಡಾಕ್ಟರ ಹತ್ರ ಓಡಿದ. ಅವರ ಯಂತ್ರದಲ್ಲೂ ಏನೂ ಇಲ್ಲ. ಆಸೆ ಬಿಡಿ ಅಂದಿದ್ದೆನಲ್ಲ ಅಂದ್ರು.

ರಾತ್ರಿ ರೆಕಾರ್ಡಿಂಗ್ ಹಾಕ್ಕೊಂಡು ಕೂತ. ಹೆಡ್‌ಫೋನ್ ತಿರುಗಿಸಿ ಎಡಗಡೆಯದ್ದನ್ನ ಬಲಗಿವೀಲಿ ಕೇಳಿದ. ಬರೀ ಮೌನ. ಸುಮ್ನಿರಿ ಅಂದ ಅವನದ್ದೇ ದನಿ ಇದೆ, ತೊಲೆ ಟಿಕ್ ಅಂದಿದ್ದು ಇದೆ, ನಾಯಿ ಇದೆ, ಇನ್ನೇನೂ ಇಲ್ಲ. ಅತ್ತಿಗೆ ಕೇಳಿದ್ರು, ಅವರಿಗೂ ಅಷ್ಟೇ. ಹೆಡ್‌ಫೋನ್ ಸರಿಯಾಗಿ ಹಾಕ್ಕೊಂಡ... ಕೇಳದ ಕಿವಿಗೆ ಎಡಗಡೆಯದ್ದು...

ಸರ್... ಸರ್...

“ಎಲ್ಲರೂ ಹೋದ್ರಾ?”

ಅವತ್ತಿಂದ ದಿನಾ ರಾತ್ರಿ ಅದೇ ಕೆಲಸ. ಕಿವಿಗೆ ವ್ಯಾಯಾಮ ಅಂತಿದ್ದ. ಒಬ್ಬ ಮನುಷ್ಯ ತನ್ನ ಕಾಲು ಮತ್ತೆ ಬಂತು ಅಂತ ತಿಳ್ಕೊಂಡು ಎದ್ದು ಎದ್ದು ನಡೆದು ನೋಡಲ್ವಾ, ಹಾಗೆ. ನನಗೆ ಈಗ ನೆನೆಸ್ಕೊಂಡ್ರೂ ಅವನ ಮೇಲೆ ಕೋಪಕ್ಕಿಂತ ಹೆಚ್ಚಾಗಿ ಸಂಕಟ ಆಗುತ್ತೆ. ಅತ್ತಿಗೆಗೆ ಅದು ಸರಿ ಕಾಣಲಿಲ್ಲ, ಅಳಿಸಿ ಹಾಕು ಅಂತ ಹೇಳಿದ್ರು. ಆದ್ರೆ ಎಷ್ಟೋ ದಿನ ಆದ್ಮೇಲೆ ಅವನ ಮುಖದಲ್ಲಿ ನಗು ಕಂಡಿದ್ರು. ಗಟ್ಟಿಯಾಗಿ ಹೇಳೋಕೆ ಮನಸ್ಸು ಬರಲಿಲ್ಲ ಅಂತ ನನ್ನ ಹತ್ರ ಒಪ್ಕೊಂಡಿದಾರೆ.

ಒಂದು ರಾತ್ರಿ ಅಣ್ಣ ತಡೆಯಲಾರದೆ ಒಂದು ಕೆಲಸ ಮಾಡ್ದ. ಆ ಪಿಸುಮಾತು ಬಂತು. ಅಣ್ಣ, ಮನೇಲಿ ಕೂತು, ಯಂತ್ರದ ಮುಂದೆ, ಒಂದೇ ಮಾತು ಹೇಳಿದ.

“ಹೋದ್ರು.”

ಸದ್ದಿನವನು ಮೌನದ ನಡುವೆ ಮಾತಾಡಬಾರದು. ಕಲಿಯೋವಾಗ ಮೊದಲನೇ ದಿನ ಹೇಳಿ ಕೊಡೋದೇ ಅದು.

ಮಾರನೇ ಬೆಳಿಗ್ಗೆ ಹಾಲು ಉಕ್ಕಿತು. ಅವರ ಮನೇಲಿ ಹಾಲು ಉಕ್ಕೋದೇ ಇಲ್ಲ, ಗೊತ್ತಾ? ಹಾಲು ಏಳೋ ಸದ್ದು ಅಣ್ಣನಿಗೆ ಪಕ್ಕದ ರೂಮಿಂದಾನೇ ಕೇಳಿಸುತ್ತೆ, ಅಲ್ಲಿಂದಾನೇ, ಒಲೆ ಆರಿಸು ಅಂತಾನೆ. ಅವತ್ತು ಒಲೆ ಪಕ್ಕಾನೇ ನಿಂತಿದ್ದ. ಹಾಲು ಚೊರ್ ಅಂತ ಬೆಂಕಿಗೆ ಬಿತ್ತು, ಅವನು ಕಿಟಕಿ ಕಡೆ ನೋಡ್ತಾ ನಿಂತೇ ಇದ್ದ. ಅತ್ತಿಗೆ ನಿದ್ದೆಗಣ್ಣು ಇರಬೇಕು ಅಂದ್ಕೊಂಡ್ರು.

ಆಮೇಲೆ ಕಾಗೆ ಕೂಗಿದ್ದು ಕೇಳದಾಯ್ತು. ಆಮೇಲೆ ಫೋನು. ಸಾಕು ಸಾರ್ ಎಷ್ಟು ಸಲ ಫೋನ್ ಮಾಡಿದ್ರೂ ಎತ್ತಲ್ಲ. ಅವರು ಮನೆಗೇ ಬಂದು, ಮೂರನೇ ಕತೆಯ ಮೌನ ಎಲ್ಲಿ, ಉಳಿದದ್ದೆಲ್ಲ ಆಗಿದೆ ಅಂತ ಕೇಳಿದ್ರು. ಅಣ್ಣ ಅವರ ತುಟಿ ನೋಡ್ತಾ ನೋಡ್ತಾ ಉತ್ತರ ಕೊಟ್ಟ, ಇನ್ನು ಸ್ವಲ್ಪ ದಿನ ಅಂತ. ಒಳ್ಳೇ ಕಿವೀನೂ ಬಾಗಿಲು ಹಾಕ್ಕೊಳ್ತಿತ್ತು. ಅದು ಅಣ್ಣನಿಗೆ ಗೊತ್ತಾಗಲಿಲ್ವಾ? ಗೊತ್ತಾಯ್ತು. ಹೇಳೋಕೆ ನಾಚಿಕೆ. ಜೊತೆಗೆ ಎಡಗಡೆಯದ್ದು ದಿನಾ ಸ್ಪಷ್ಟ ಆಗ್ತಾ ಬಂತು. ಮೊದಲು ರೂಮಿನ ಆ ತುದಿಯಿಂದ ಬರ್ತಿತ್ತು. ಆಮೇಲೆ ನಡುವಿಂದ. ಆಮೇಲೆ ಹೆಗಲ ಹತ್ರ...

ಕೊನೆಗೆ ಹೆಡ್‌ಫೋನೇ ಬೇಕಾಗಲಿಲ್ಲ.

ಮುಂದಿನದು ಅತ್ತಿಗೆ ನನಗೆ ಒಂದೇ ಒಂದು ಸಲ ಹೇಳಿದ್ದು. ಇನ್ನೊಂದು ಸಲ ಕೇಳಬೇಡ ಅಂದಿದ್ರು, ನಾನೂ ಕೇಳಿಲ್ಲ.

ರಾತ್ರಿ ಎಚ್ಚರ ಆಯ್ತಂತೆ. ನೋಡಿದ್ರೆ ಅಣ್ಣ ಮಂಚದ ಅಂಚಿನಲ್ಲಿ ಬೆನ್ನು ಹಾಕಿ ಕೂತಿದ್ದಾನೆ. ಕಿವೀಲಿ ಏನೂ ಇಲ್ಲ. ತಲೆ ಎಡಕ್ಕೆ ವಾಲಿದೆ. ಯಾರೋ ಪಕ್ಕದಲ್ಲಿ ಕೂತು ಕಷ್ಟ ಸುಖ ಹೇಳ್ಕೊಳ್ತಿದ್ರೆ ಹೂಂಗುಡ್ತೀವಲ್ಲ, ಹಾಗೆ ಮೆಲ್ಲಗೆ ತಲೆ ಆಡಿಸ್ತಿದ್ದಾನೆ. ಅತ್ತಿಗೆ ಕರೆದ್ರು. ಇನ್ನೊಂದು ಸಲ ಕರೆದ್ರು. ಅವನ ಬಲಗಡೆಗೆ ಬಂದು ಕೂಗಿ ಕರೆದ್ರು, ಪಕ್ಕದ ಮನೆಯಲ್ಲಿ ಲೈಟ್ ಹತ್ತಿತು. ಅಣ್ಣ ತಿರುಗಲಿಲ್ಲ. ಭುಜ ಮುಟ್ಟಿದ ಮೇಲೆ ಬೆಚ್ಚಿ ಬಿದ್ದು ನೋಡಿದ. ಅವರ ಮುಖ ನೋಡಲಿಲ್ಲವಂತೆ, ತುಟಿ ನೋಡಿದನಂತೆ.

ಕಿವುಡರು ಮಾತಾಡೋ ಥರ ಜೋರಾಗಿ ಹೇಳಿದ.

“ನಿನ್ನ ದನಿ ಹೋಯ್ತು ಕಣೇ. ಎಲ್ಲಾ ಹೋಯ್ತು. ಅವಳು ಕೇಳಿದ್ಲು, ಎಲ್ಲರೂ ಹೋದ್ರಾ ಅಂತ. ನಾನು ಹೋದ್ರು ಅಂದ್ಬಿಟ್ಟೆ.”

ಅತ್ತಿಗೆ ಎಂಥವರು ಅಂತ ನಿಮಗೆ ಗೊತ್ತು. ಜಿರಲೆ ಕಂಡ್ರೆ ಮೇಜು ಹತ್ತೋರು. ಆದ್ರೆ ಅವತ್ತು ಭಯ ಆಗಲಿಲ್ಲ, ಸಿಟ್ಟು ಬಂತು ಅಂದ್ರು. ನಾನು ಇಷ್ಟು ವರ್ಷ ಬಲಗಡೆ ಕೂತು ಕೂತು ಕಾಯ್ಕೊಂಡು ಬಂದಿರೋ ಮನುಷ್ಯ ಇವನು, ಎಡಗಡೆಯಿಂದ ಬಂದು ಎಬ್ಬಿಸ್ಕೊಂಡು ಹೋಗೋಕೆ ನೀನು ಯಾರು ಅಂತ. ಎದ್ದು ಆ ಕಡೆಗೆ ಹೋದ್ರು. ಎಡಗಡೆಗೆ. ಅಲ್ಲಿ ಮಂಚದ ಮೇಲೆ ಕೂರೋವಾಗ ಹಾಸಿಗೆ ತಣ್ಣಗಿತ್ತಂತೆ. ಅವನ ತಲೆ ಎರಡೂ ಕೈಯಲ್ಲಿ ಹಿಡ್ಕೊಂಡು, ಎಡಗಿವಿಗೆ ಬಾಯಿ ಇಟ್ರು. ಆ ಕಿವಿ ಬಾವಿಯಿಂದ ಆಗ ತಾನೇ ಎತ್ತಿದ ಕೊಡದ ಥರ ಇತ್ತು, ತುಟಿಗೆ ನೀರು ತಾಕಿತು ಅಂದ್ರು. ಹಸಿ ಕಲ್ಲಿನ ವಾಸನೆ.

ಅತ್ತಿಗೆ ಮಾತಾಡಿದ್ದು ಅಣ್ಣನ ಜೊತೆಗಲ್ಲ.

“ಯಾರೂ ಹೋಗಿಲ್ಲ. ನಾನು ಇಲ್ಲೇ ಇದ್ದೀನಿ.”

ಏನೂ ಆಗಲಿಲ್ಲ... ಸ್ವಲ್ಪ ಹೊತ್ತು ಏನೂ ಆಗಲಿಲ್ಲ.

ಆಮೇಲೆ ವಾಲಿದ್ದ ಅಣ್ಣನ ತಲೆ ಅವರ ಕೈಯಲ್ಲೇ ನೆಟ್ಟಗಾಯ್ತು. ಅವನಿಗೆ ಕೇಳಿಸಿದ್ದು ಇದು. ಮೊದಲು ಬಟ್ಟೆ ಎಳೆಯೋ ಸದ್ದು, ಹಿಂದಕ್ಕೆ, ದೂರಕ್ಕೆ. ಆಮೇಲೆ ರಾಟೆ. ಕಿರ್... ಕಿರ್, ಕಿರ್ ಕಿರ್ ಕಿರ್, ಹಗ್ಗ ಕೈ ತಪ್ಪಿದ ಹಾಗೆ ಜೋರು ಜೋರಾಗಿ. ಆಮೇಲೆ ಏನೂ ಇಲ್ಲ. ಅವನು ಉಸಿರು ಬಿಗಿ ಹಿಡಿದು ಕಾಯ್ತಾ ಇದ್ದ. ಅಷ್ಟು ಆಳದ ಬಾವಿನಾ ಅದು ಅಂತ ಅನ್ನಿಸೋವಷ್ಟು ಹೊತ್ತಾದ ಮೇಲೆ... ಧುಡುಂ.

ಅಲ್ಲಿಗೆ ಎಡಗಡೆ ನಿಂತಿತು. ಬಲಗಡೆ, ಅಡುಗೆಮನೆ ಕಡೆಯಿಂದ, ತಟ್... ತಟ್... ತಟ್.

“ನಲ್ಲಿ ಸೋರ್ತಿದೆ” ಅಂದ ಅಣ್ಣ.

ಆ ನಲ್ಲಿ ಸರಿ ಮಾಡಿಸು ಅಂತ ಅತ್ತಿಗೆ ಅವನಿಗೆ ಎಷ್ಟೋ ದಿನದಿಂದ ಹೇಳ್ತಾನೇ ಇದ್ರು. ಆ ರಾತ್ರಿ ಇಬ್ಬರೂ ಅಡುಗೆಮನೇಲಿ ನೆಲದ ಮೇಲೆ ಕೂತು, ಬೆಳಗಾಗೋವರೆಗೂ ಅದು ಸೋರೋದನ್ನ ಕೇಳಿದ್ರಂತೆ. ಅದಕ್ಕಿಂತ ಒಳ್ಳೇ ಸಂಗೀತ ನಾನು ಕೇಳಿಲ್ಲ ಅಂತ ಅತ್ತಿಗೆ ಹೇಳೋವಾಗ ಅವರ ಕಣ್ಣು ತುಂಬಿತ್ತು, ನನ್ನ ಕಣ್ಣೂ.

ಬೆಳಿಗ್ಗೆ ಅಣ್ಣ ಆ ರೆಕಾರ್ಡಿಂಗ್ ಅಳಿಸಿದ. ಸಾಕು ಸಾರ್ ಹತ್ರ ಹೋಗಿ, ನನಗೆ ಒಂದು ಕಿವಿ ಇಲ್ಲ ಸಾರ್, ಇಷ್ಟು ದಿನ ಮುಚ್ಚಿಟ್ಟಿದ್ದೆ, ಬೇರೆಯವರನ್ನ ನೋಡ್ಕೊಳ್ಳಿ ಅಂದ. ಅವರು ಅವನನ್ನ ಮೇಲಿಂದ ಕೆಳಗೆ ನೋಡಿ, ಒಂದು ಸಾಕು ಅಂದ್ರು. ಆ ಮನುಷ್ಯನ ಬಗ್ಗೆ ಇನ್ನು ಮುಂದೆ ನನ್ನ ಮುಂದೆ ಯಾರೂ ನಗಬೇಡಿ.

ಆದ್ರೆ ಮೂರನೇ ಕತೆಗೆ ಮೌನ ಬೇಕೇ ಬೇಕಿತ್ತಲ್ಲ. ಆ ಮನೆಗೆ ಅಣ್ಣ ಮತ್ತೆ ಕಾಲಿಡಲಿಲ್ಲ. ತನ್ನ ಅಡುಗೆಮನೇಲೇ ಮೈಕ್ ಇಟ್ಟ. ನಲ್ಲಿ ಬಾಯಿಗೆ ಬಟ್ಟೆ ಕಟ್ಟಿದ. ಅತ್ತಿಗೇನ ಎದುರಿಗೆ ಕೂರಿಸ್ಕೊಂಡ. ಬಟನ್ ಒತ್ತಿ, ಎಲ್ಲರೂ ಸುಮ್ನಿರಿ ಅನ್ನಲಿಲ್ಲ. ಇಲ್ಲಿ ನಾವಿಬ್ಬರು ಇದ್ದೀವಿ ಅಂದ. ಆಮೇಲೆ ಇಬ್ಬರೂ ಸುಮ್ಮನೆ ಕೂತ್ರು. ಇವತ್ತಿಗೂ ಎಲ್ಲೇ ಮೌನ ರೆಕಾರ್ಡ್ ಮಾಡಲಿ, ಮೊದಲು ರೂಮಲ್ಲಿ ಯಾರ್ಯಾರು ಇದ್ದೀವಿ ಅಂತ ಬಾಯಿ ಬಿಟ್ಟು ಹೇಳ್ತಾನೆ. ಜೊತೆಗಿನವರು ಅದೇನೋ ಹೊಸ ಪದ್ಧತಿ ಅಂದ್ಕೊಂಡಿದಾರೆ. ಯಾರೂ ಇಲ್ಲದ ರೂಮಿನ ಮೌನ ಬೇಕು ಅಂದ್ರೆ ಆ ಕೆಲಸ ಬೇಡ ಅಂತ ಎದ್ದು ಬರ್ತಾನೆ.

ಸಿನಿಮಾ ಬಂದಾಗ ನಾನು ಅತ್ತಿಗೆ ಜೊತೆ ಹೋಗಿದ್ದೆ. ಮೊದಲನೇ ಕತೆಗೆ ಜನ ಸೀಟಿ ಹೊಡೆದ್ರು. ಎರಡನೇದಕ್ಕೆ ನಿಮ್ಮ ಥರಾನೇ ನಕ್ಕರು, ಬೆಕ್ಕು ಗೊರಕೆ ಹೊಡೀತಿರೋದು ಕಾಣ್ತಿತ್ತು, ನಾನೂ ನಕ್ಕೆ. ಮೂರನೇದು ಶುರುವಾಯ್ತು. ಕುರ್ಚಿ, ಹೆಂಗಸು, ಬಾಗಿಲು. ಮ್ಯೂಸಿಕ್ ಇಲ್ಲ. ನಮ್ಮ ಹಿಂದೆ ಕುರುಕಲು ತಿಂತಿದ್ದವನು ಅಗಿಯೋದು ನಿಲ್ಲಿಸಿದ. ಯಾರೋ ಕೆಮ್ಮು ನುಂಗ್ಕೊಂಡ್ರು. ಆ ರೂಮಲ್ಲಿ ಇನ್ನೂ ಯಾರೋ ಇದ್ದಾರೆ, ತೋರಿಸ್ತಿಲ್ಲ, ಆದ್ರೆ ಇದ್ದಾರೆ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು. ನಾನು ಅತ್ತಿಗೆಯ ತೋಳು ಹಿಡ್ಕೊಂಡೆ. ಅತ್ತಿಗೆ ನನ್ನ ಕಿವಿ ಹತ್ರ ಬಂದು, ಅದು ನಾನೇ, ನಮ್ಮ ಅಡುಗೆಮನೆ ಅಂತ ಪಿಸುಗುಟ್ಟಿದ್ರು. ಆದ್ರೂ ನನ್ನ ಭಯ ಹೋಗಲಿಲ್ಲ. ಆ ಸಿನಿಮಾ ಎಂಟು ದಿನಕ್ಕೆ ಎತ್ತಂಗಡಿ ಆಯ್ತು, ಆದ್ರೆ ಅಣ್ಣನಿಗೆ ಆಮೇಲೆ ಕೆಲಸ ತಪ್ಪಲಿಲ್ಲ. ಆ ಮೂರನೇ ಕತೆ ಥರ ಮಾಡಿ ಕೊಡಿ ಅಂತ ಕೇಳ್ಕೊಂಡು ಬರೋರು.

ಇಷ್ಟೇ ನಡೆದದ್ದು. ಬಲಗಿವಿ ಚೆನ್ನಾಗಿದೆ. ಎಡಗಿವಿ ಸತ್ತೇ ಇದೆ, ಹೋದ ತಿಂಗಳೂ ತೋರಿಸ್ಕೊಂಡು ಬಂದ, ಡಾಕ್ಟರು ಅದೇ ಹೇಳಿದ್ರು.

ಕತೆ ಕಟ್ತಿದೀನಿ ಅಂತೀರಾ? ಸರಿ. ನಾನೇನೂ ಆಣೆ ಇಡಲ್ಲ. ಈಗ ನೀರು ಕುಡಿಯೋಕೆ ಎದ್ದು ಹೋಗೋ ನೆಪದಲ್ಲಿ ಆ ರೂಮು ಇಣುಕಿ ನೋಡಿ ಬನ್ನಿ. ಒಂದೇ ಕಿವಿ ಇರೋರು ಒಳ್ಳೇ ಕಿವಿ ದಿಂಬಿಗೆ ಒತ್ಕೊಂಡು ಮಲಗ್ತಾರೆ, ಯಾವ ಗಲಾಟೇನೂ ಕೇಳಲ್ಲ, ನೆಮ್ಮದಿ ನಿದ್ದೆ. ಅಣ್ಣನೂ ಮೊದಲು ಹಾಗೇ ಮಲಗ್ತಿದ್ದ. ಈಗ ನೋಡಿ, ಒಳ್ಳೇದನ್ನ ಮೇಲೆ ಬಿಟ್ಟು, ಕೇಳದ ಕಿವೀನ ದಿಂಬಿಗೆ ಒತ್ತಿ ಮಲಗಿರ್ತಾನೆ.

ಇನ್ನೊಂದು. ಇದನ್ನ ಯಾರೂ ನನಗೆ ಹೇಳಿದ್ದಲ್ಲ, ಇವತ್ತು ನಾನೇ ನೋಡಿದ್ದು. ಅತ್ತಿಗೆ ತವರಿಗೆ ಹೋಗಿದಾರಲ್ಲ, ಅದಕ್ಕೇ ಅವನು ಇಲ್ಲಿ ಬಂದು ಮಲಗಿರೋದು. ನೀವೆಲ್ಲ ಟೀವಿ ಮುಂದೆ ನಗ್ತಿದ್ದಾಗ ಅತ್ತಿಗೆ ಫೋನ್ ಮಾಡಿದ್ರು. ನಾನು ಅವನಿಗೆ ಹೊದಿಕೆ ಕೊಡೋಕೆ ಹೋಗಿದ್ದೆ, ಬಾಗಿಲಲ್ಲೇ ನಿಂತೆ. ಬಲಗಿವಿಗೆ ಇಟ್ಕೊಂಡು ಮಾತಾಡ್ತಿದ್ದ. ಊಟ ಆಯ್ತಾ, ಅಮ್ಮ ಹೇಗಿದಾರೆ, ನಾಳೆ ಎಷ್ಟು ಹೊತ್ತಿಗೆ ಹೊರಡ್ತೀಯ, ಅದೇ ಮಾಮೂಲಿ ಮಾತು. ಸರಿ, ಮಲಗ್ತೀನಿ ಅಂದ. ಆಮೇಲೆ ಫೋನ್ ಇಡಲಿಲ್ಲ. ಅದನ್ನ ಎಡಗಿವಿಗೆ ಬದಲಾಯಿಸ್ಕೊಂಡ. ಏನೂ ಮಾತಾಡದೆ ಸುಮ್ಮನೆ ಹಿಡ್ಕೊಂಡಿದ್ದ, ಆ ಕಡೆಯಿಂದ ಅತ್ತಿಗೆ ಅವತ್ತು ರಾತ್ರಿ ಹೇಳಿದ ಅದೇ ಮಾತು ಹೇಳಿ ಮುಗಿಸೋವಷ್ಟು ಹೊತ್ತು.

ಆಮೇಲೆ ಇಟ್ಟು, ಲೈಟ್ ಆರಿಸು ಅಂದ.